ಪಾಲಿಶ್ ಪೇಪರ್ ಕೆಳಗಿಡು, ತಮ್ಮಾ

ತಮ್ಮಾ, ಮೊನ್ನೆ ನೀನು ನಿಮ್ಮ ಅಜ್ಜನ ಏರ್‌ಗನ್ನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಖಾನಾಪುರದಿಂದ ರವಿವಾರ ಪೇಟೆಯ ನನ್ನ ಅಂಗಡಿಗೆ ಬಂದೆ. ಬಂದವನೇ, “ಕಾಕಾ, ಇದನ್ನ ಬಫಿಂಗ್ ಮಾಡಿ ಹೊಸಾದರಂಗ ಮಾಡಿಕೊಡ್ರಿ” ಅಂದೆ. ಬಾಗಿಲಲ್ಲಿ ಕಿರಾಣಿ ಮಾಲಿನ ಗಾಡಿ ನಿಂತಿತ್ತು, ಹಮಾಲರ ಗದ್ದಲ ಬೇರೆ. ಸಮಾಧಾನವಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನೀನು ತಂದದ್ದು ಜರ್ಮನಿಯ ರಾಸ್ಟಾಟ್ ಊರಲ್ಲಿ ತಯಾರಾದ ಡಯಾನಾ 27. ಅದರ ಮುದ್ರೆಯನ್ನು ಭೂತಗನ್ನಡಿ ಹಿಡಿದು ನೋಡು. ಬೇಟೆಯ ದೇವತೆ ಡಯಾನಾ ಬಿಲ್ಲನ್ನು ಬಿಸಾಕಿ, ಬಂದೂಕನ್ನು ತಲೆಯ ಮೇಲೆತ್ತಿ ನಿಂತಿದ್ದಾಳೆ. ಸಿಲಿಂಡರಿನ ಹಿಂದುಗಡೆ ಸಾಸಿವೆಯಷ್ಟು ಸಣ್ಣ ಅಂಕಿಗಳಿವೆ. ಅವು ತಯಾರಾದ ತಿಂಗಳು, ವರ್ಷ. ಬಫಿಂಗ್ ಚಕ್ರಕ್ಕೆ ಕೊಟ್ಟರೆ ದೇವಿಯೂ ಉಳಿಯುವುದಿಲ್ಲ, ತಾರೀಖೂ ಉಳಿಯುವುದಿಲ್ಲ.

ಇದನ್ನು ಕೇಳಿ ತಿಳಿದವನಲ್ಲ ನಾನು, ಮಾಡಿ ತಿಳಿದವನು. ಕೆಲಸ ಕಲಿಯುವ ಕಾಲದಲ್ಲಿ ಒಬ್ಬರು ಹಳೆಯ ಬಿಎಸ್ಎ ಏರ್‌ಗನ್ ತಂದುಕೊಟ್ಟಿದ್ದರು. ಬರ್ಮಿಂಗ್‌ಹ್ಯಾಮಿನ ಆ ಕಂಪನಿ ಲಿಂಕನ್ ಜೆಫ್ರೀಸ್ ಎಂಬವರ ಪೇಟೆಂಟಿನ ಮೇಲೆ 1905ರಿಂದ ಮಾಡತೊಡಗಿದ ಜಾತಿಯದು. ಅದರ ನಳಿಗೆ ಮಡಚುವುದಿಲ್ಲ, ಕೆಳಗಿನ ಸನ್ನೆ ಎಳೆಯಬೇಕು. ಮೂರು ಬಂದೂಕು ಒಂದಕ್ಕೊಂದು ಒರಗಿ ನಿಂತ ಮುದ್ರೆ ಅದರ ಮೇಲಿತ್ತು. ತುಕ್ಕು ತೆಗೆಯುವ ಹುರುಪಿನಲ್ಲಿ ಉಜ್ಜಿದೆ, ಉಜ್ಜಿದೆ. ಕಬ್ಬಿಣ ಕನ್ನಡಿಯಂತಾಯಿತು, ಮೂರು ಬಂದೂಕು ಅಳಿಸಿಹೋದವು. ಮಾಲಕರು ಏನೂ ಬಯ್ಯಲಿಲ್ಲ, ಹೆಬ್ಬೆರಳಿನಿಂದ ಆ ಜಾಗ ಸವರಿ ಎದ್ದುಹೋದರು. ಆ ಹೆಬ್ಬೆರಳು ಇವತ್ತಿಗೂ ನನ್ನ ಕಣ್ಣಮುಂದಿದೆ.

ನಿಮ್ಮೂರಿನ ಕುಂಬಾರರ ಮಡಕೆಯೊಳಗೆ ಕೈಯಾಡಿಸಿ ನೋಡು, ತಿಗರಿ ತಿರುಗುವಾಗ ಬೆರಳು ಹಾದ ಗೆರೆ ಕೈಗೆ ಸಿಗುತ್ತದೆ. ಬಂದೂಕಿನ ಕಟ್ಟಿಗೆಯ ಮೇಲೂ ಹಾಗೆಯೇ. ಮೊದಲು ಬಡಗಿಯ ಉಳಿ ಆಡಿದೆ, ಆಮೇಲೆ ನಿಮ್ಮ ಅಜ್ಜನ ಕೆನ್ನೆ ಒರಗಿ ಒರಗಿ ಅಲ್ಲಿ ಕಪ್ಪು ಮಿನುಗು ಬಂದಿದೆ. ಅದನ್ನು ಕೊಳೆ ಅಂದುಕೊಂಡು ಕೆರೆಯಬೇಡ. ವಾರ್ನಿಷ್ ಹಚ್ಚಲೂಬೇಡ.

ಹಾಗಂತ ಏನನ್ನೂ ಮುಟ್ಟಬಾರದು ಎಂದಲ್ಲ. ನಳಿಗೆ ಮಡಚಿದಾಗ ಪಿಸ್ಟನ್ ಹಿಂದೆ ಸರಿದು ಸ್ಪ್ರಿಂಗ್ ಅಮುಕುತ್ತದೆ. ಕುದುರೆ ಎಳೆದೊಡನೆ ಪಿಸ್ಟನ್ ಮುಂದಕ್ಕೆ ಹಾರಿ ಗಾಳಿಯನ್ನು ಒತ್ತುತ್ತದೆ, ಆ ಗಾಳಿಯೇ ಛರ್ರೆಯನ್ನು, ಅಂದರೆ ಸಣ್ಣ ಗುಂಡನ್ನು, ನೂಕುತ್ತದೆ. ಪಿಸ್ಟನ್ ತುದಿಯಲ್ಲಿ ಬಟ್ಟಲಿನಂಥ ಚರ್ಮದ ವಾಷರ್ ಇದೆ. ನಿನ್ನದು ಒಣಗಿ ಚಕ್ಕೆಯಾಗಿರಬೇಕು, ಅದಕ್ಕೇ ಛರ್ರೆ ಹತ್ತು ಹೆಜ್ಜೆಗೇ ಬೀಳುತ್ತಿದೆ. ಮೊದಲು ಎರಡು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ನಿಲ್ಲಿಸಿ ನೋಡು. ಆಗದಿದ್ದರೆ ಅಥಣಿಯ ಚಪ್ಪಲಿಗೆ ಬಳಸುವಂಥ, ತೊಗಟೆಯಲ್ಲಿ ಹದ ಮಾಡಿದ ಚರ್ಮದಿಂದ ಹೊಸದು ಕತ್ತರಿಸಿ ಕೊಡುತ್ತೇನೆ. ವಾಷರ್, ಸ್ಪ್ರಿಂಗ್ ಸವೆಯಲಿಕ್ಕೇ ಇರುವಂಥವು, ಬದಲಿಸಬಹುದು. ಆದರೆ ಹಳೆಯದನ್ನು ಡಬ್ಬಿಯಲ್ಲಿ ಹಾಕಿಡು, ಎಸೆಯಬೇಡ. ಛರ್ರೆ ಹಾಕದೆ ಕುದುರೆ ಎಳೆಯಲೂಬೇಡ, ಪಿಸ್ಟನ್ ಬರಿದೇ ಹೋಗಿ ಬಡಿಯುತ್ತದೆ.

ಅಸಲಿ ಯಾವುದು, ನಕಲಿ ಯಾವುದು ಎಂದೂ ಕೇಳಿದ್ದೆ. ಎರಡನೇ ಮಹಾಯುದ್ಧದ ನಂತರ ಡಯಾನಾದ ಯಂತ್ರಗಳೂ ಹೆಸರೂ ಸ್ಕಾಟ್‌ಲ್ಯಾಂಡಿನ ಮಿಲ್‌ಬ್ರೊ ಕಂಪನಿಗೆ ಹೋದವು. ರಾಸ್ಟಾಟ್‌ನವರು ಮತ್ತೆ ಕೆಲಸ ಶುರು ಮಾಡಿದಾಗ ಇಂಗ್ಲೆಂಡಿಗೆ ಕಳಿಸುವ ಮಾಲಿನ ಮೇಲೆ ತಮ್ಮ ಹೆಸರನ್ನೇ ಹಾಕುವಂತಿರಲಿಲ್ಲ. ‘ಒರಿಜಿನಲ್’ ಎಂದು ಹೊಡೆದು ಕಳಿಸಿದರು. ಹೆಸರು ಮರಳಿ ಸಿಕ್ಕಿದ್ದು 1980ರ ದಶಕದಲ್ಲಿ. ನನ್ನನ್ನು ಕೇಳಿದರೆ ಸ್ಕಾಟ್‌ಲ್ಯಾಂಡಿನದೂ ಅಸಲಿಯೇ, ಯಾಕೆಂದರೆ ತಾನೆಲ್ಲಿ ಹುಟ್ಟಿದೆ ಎಂದು ಅದು ಮುಚ್ಚಿಡಲಿಲ್ಲ. ಹಳೆಯ ಮುದ್ರೆ ಅಳಿಸಿ ಬೇರೆ ಮುದ್ರೆ ಒತ್ತಿದ್ದೇ ನಕಲಿ.

ಇನ್ನೊಂದು ಮಾತು, ಇದರಲ್ಲಿ ರಾಜಿ ಇಲ್ಲ. ಹಕ್ಕಿಗೆ ಗುರಿ ಇಡಬೇಡ. ನಿನ್ನ ತಾಲೂಕಿನಲ್ಲೇ ಭೀಮಗಡ ಅಭಯಾರಣ್ಯವಿದೆ, ವನ್ಯಜೀವಿ ಕಾಯ್ದೆ 1972ರಿಂದಲೂ ಇದೆ. ಗೋಡೆಯ ಮುಂದೆ ಹತ್ತು ಮೀಟರಿಗೆ ಕಾಗದದ ಗುರಿ ಕಟ್ಟಿಕೋ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಅಷ್ಟೇ ದೂರಕ್ಕೆ ಏರ್‌ರೈಫಲ್ ಹಿಡಿದು.

ಖಾನಾಪುರದ ಮಳೆಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಗೋಣಿಚೀಲ ತೇವ ಹೀರುತ್ತದೆ, ಅದರಲ್ಲಿ ಸುತ್ತಿಡಬೇಡ. ಮುಟ್ಟಿದಾಗಲೆಲ್ಲ ಎಣ್ಣೆಬಟ್ಟೆಯಿಂದ ಒರೆಸಿ ಇಡು. ಖಂಡೇನವಮಿಗೆ ಪೂಜೆಗೆ ಇಡುವಾಗ ಕುಂಕುಮವನ್ನು ಕಟ್ಟಿಗೆಗೆ ಹಚ್ಚು, ಕಬ್ಬಿಣಕ್ಕೆ ಬೇಡ. ಒದ್ದೆ ಕುಂಕುಮ ಕೂತ ಜಾಗದಲ್ಲೇ ತುಕ್ಕು ಮೊದಲು ಏಳುತ್ತದೆ.