ಮೊಬೈಲ್ ಕಿತ್ತುಕೊಳ್ಳುವ ಮುನ್ನ

‘ದಿನಾ ಮೊಬೈಲ್ ಹಿಡ್ಕೊಂಡು ಕುಂತಿರ್ತಾನ್ರಿ, ಕೇಳಿದ್ರ ನೌಕ್ರಿ ಹುಡ್ಕಲತ್ತೀನಿ ಅಂತಾನ.’ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದ ಕಡೆಯ ತಂದೆ-ತಾಯಿ ಹೀಗೆ ದೂರಿದರೆ ನಾನು ಮಗನ ಪರ. ಅವನು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಲ್ಲಿ ಆಳು ಬೇಕೆಂಬ ಸುದ್ದಿ ಹಿಂದೆ ಪರಿಚಯದವರ ಬಾಯಿಂದ ಬರುತ್ತಿತ್ತು. ಈಗ ಅಂಥ ಸುದ್ದಿ ವಾಟ್ಸ್‌ಆ್ಯಪ್, ಲಿಂಕ್ಡ್‌ಇನ್‌ಗಳಲ್ಲೂ ಬರುತ್ತದೆ.

ಮೊಬೈಲ್ ಕಿತ್ತುಕೊಳ್ಳುವ ಬದಲು ಪಕ್ಕದಲ್ಲಿ ಕೂತು, ಲಿಂಕ್ಡ್‌ಇನ್‌ನಲ್ಲಿ ನಿನ್ನ ಬಗ್ಗೆ ಏನು ಬರೆದಿದ್ದೀ ತೋರಿಸಪ್ಪಾ ಎನ್ನಿ. ‘ಪದವಿ ಪಾಸ್, ಕೆಲಸ ಬೇಕು’ ಎಂದಷ್ಟೇ ಇದ್ದರೆ ಯಾವ ಮ್ಯಾನೇಜರನೂ ತಿರುಗಿ ನೋಡುವುದಿಲ್ಲ. ಐಟಿಐ ಫಿಟ್ಟರ್ ಆದರೆ ಯಾವ ಯಂತ್ರ ಬಿಚ್ಚಿ ಜೋಡಿಸಿದ್ದಾನೆ, ಬಿ.ಕಾಂ. ಓದಿದ ಮಗಳಾದರೆ ಟ್ಯಾಲಿ, ಜಿಎಸ್‌ಟಿ ಲೆಕ್ಕ ಬರುತ್ತದೆಯೇ, ಅದನ್ನು ಬರೆಯಲಿ. ತೆಲಂಗಾಣದ ಗಡಿಗೆ ಅಂಟಿಕೊಂಡ ಚಿಂಚೋಳಿ, ಸೇಡಂ ಭಾಗದ ಎಷ್ಟೋ ಮಕ್ಕಳು ಕನ್ನಡದ ಜೊತೆ ಹಿಂದಿ, ತೆಲುಗನ್ನೂ ಸಲೀಸಾಗಿ ಆಡುತ್ತಾರೆ. ಹೈದರಾಬಾದಿನಲ್ಲಿ ಕೆಲಸ ಹುಡುಕುವವರಿಗೆ ಇದು ದೊಡ್ಡ ಅರ್ಹತೆ. ಮನೆಮಾತಿನಷ್ಟು ರೂಢಿಯಾಗಿರುವುದರಿಂದ ಬರೆಯಬೇಕೆಂದು ಅವರಿಗೇ ಹೊಳೆಯುವುದಿಲ್ಲ. ನೀವು ನೆನಪಿಸಿ. ಆಧಾರ್ ಸಂಖ್ಯೆ, ಮನೆ ವಿಳಾಸ ಮಾತ್ರ ಅಲ್ಲಿ ಬೇಡ.

ಮೊಬೈಲ್ ನಂಬಿ ಮಕ್ಕಳು ಮೋಸ ಹೋದಾರೆಂಬ ನಿಮ್ಮ ಹೆದರಿಕೆಗೂ ಕಾರಣವಿದೆ. ನಮ್ಮದೇ ಕಲಬುರಗಿ ಜಿಲ್ಲೆಯ ಯುವಕರು ಯೂಟ್ಯೂಬ್ ಚಾನೆಲ್ ಒಂದರ ಮಾತು ನಂಬಿ, ಸೆಕ್ಯುರಿಟಿ ಕೆಲಸವೆಂದು ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಕ್ಕಿಬಿದ್ದರು. ಇಂಥ ಏಜೆಂಟರ ಜಾಲದ ಮೇಲೆ 2024ರ ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ಹುಡುಗರು ಮನೆ ಸೇರಿದ್ದು ಸೆಪ್ಟೆಂಬರ್‌ನಲ್ಲಿ. ವಿದೇಶಕ್ಕೆ ಕಳಿಸುವ ಏಜೆಂಟರಿಗೆ ಸರ್ಕಾರದ ನೋಂದಣಿ ಇದೆಯೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನೋಂದಾಯಿತ ಏಜೆಂಟರೂ ಸೇವಾಶುಲ್ಕವೆಂದು 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ.

ಇಲ್ಲಿನ ಕೆಲಸಕ್ಕಾದರೆ ಲೆಕ್ಕ ಇನ್ನೂ ಸರಳ. ಯೂನಿಫಾರ್ಮ್, ತರಬೇತಿ, ಡಿಪಾಸಿಟ್ ಎಂದು ಯಾವ ಹೆಸರಿನಲ್ಲಿ ಮುಂಗಡ ಕೇಳಿದರೂ ಕೊಡಬೇಡಿ. ನೌಕರಿಯ ಆರ್ಡರ್ ಬಂದಿದ್ದರೆ ಅದರ ಪ್ರತಿ ಹಿಡಿದು ಕಾರ್ಖಾನೆಯ ಗೇಟಿಗೇ ಹೋಗಿ ವಿಚಾರಿಸಿ. ವಾಡಿ, ಸೇಡಂ ದೂರವೇನಲ್ಲ.

ಇಷ್ಟಾಗಿಯೂ ಹಣ ಕಳೆದುಕೊಂಡು ಬಂದರೆ ಬೈಗುಳ ಆಮೇಲಿರಲಿ, ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.