ಮೂಲಾ ನಕ್ಷತ್ರದ ತಪ್ಪೇನು?

“ಹುಡುಗಿಯದು ಮೂಲಾ ನಕ್ಷತ್ರ. ಮಾವನಿಗೆ ಆಗಿಬರಲ್ಲ.” ಹೀಗಂದು ಎಷ್ಟೋ ಸಂಬಂಧಗಳು ಮುರಿದಿವೆ. “ಜ್ಯೇಷ್ಠಾ ನಕ್ಷತ್ರ, ಭಾವನಿಗೆ ಕೇಡು” ಅನ್ನುವವರೂ ಇದ್ದಾರೆ. ಈ ನಕ್ಷತ್ರಗಳನ್ನು ನಾವೇ ನೋಡೋಣ, ಬನ್ನಿ.

ಮೇ ತಿಂಗಳ ಕೊನೆಗೆ, ರಾತ್ರಿ 10 ಗಂಟೆಗೆ ಅಂಗಳದಲ್ಲಿ ನಿಲ್ಲೋಣ. ಪೂರ್ವ ಮತ್ತು ದಕ್ಷಿಣದ ನಡುವೆ ಚೇಳಿನ ಆಕಾರ ಕಾಣುತ್ತದೆ. ಅದರ ಎದೆಯಲ್ಲಿರುವ ಕೆಂಪು ಚುಕ್ಕಿಯೇ ಜ್ಯೇಷ್ಠಾ. ಬಾಲದ ಚುಕ್ಕಿಗಳೇ ಮೂಲಾ.

ನಕ್ಷತ್ರ ಅಂದರೆ ಏನು? ಬಹಳ ಕಾದ ಅನಿಲದ ದೊಡ್ಡ ಉಂಡೆ. ನಮ್ಮ ಸೂರ್ಯನೂ ಒಂದು ನಕ್ಷತ್ರವೇ. ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗುತ್ತದೆ. ಇನ್ನೂ ಕಾದರೆ ಹಳದಿ, ಆಮೇಲೆ ಬಿಳಿ. ನಕ್ಷತ್ರವೂ ಹಾಗೆಯೇ. ಕೆಂಪು ಜ್ಯೇಷ್ಠಾ ಸೂರ್ಯನಿಗಿಂತ ಕಡಿಮೆ ಬಿಸಿ. ಬಾಲದ ತುದಿಯ ನೀಲಿ-ಬಿಳಿ ಚುಕ್ಕಿ ಸೂರ್ಯನಿಗಿಂತ ಬಹಳ ಬಿಸಿ.

ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷ ಸಾಕು. ಜ್ಯೇಷ್ಠಾದ ಬೆಳಕಿಗೆ 500 ವರ್ಷಕ್ಕೂ ಹೆಚ್ಚು ಬೇಕು. ಇಂದು ಕಾಣುವ ಬೆಳಕು ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಹುಟ್ಟುವ ಮೊದಲೇ ಹೊರಟದ್ದು. ನಿನ್ನೆ ಹುಟ್ಟಿದ ಕೂಸಿನ ಸುದ್ದಿ ಅದಕ್ಕೆ ಗೊತ್ತೇ?

ಚಂದ್ರ ಸುಮಾರು 27 ದಿನಕ್ಕೊಮ್ಮೆ ಮೂಲಾದ ಬಳಿ ಹಾದು ಹೋಗುತ್ತಾನೆ. ಆಗ ಹುಟ್ಟಿದ ಮಗುವಿಗೆ ಮೂಲಾ ನಕ್ಷತ್ರ ಅಂತಾರೆ. ಅಷ್ಟೇ. ಆಗ ಗಂಡೂ ಹುಟ್ಟುತ್ತದೆ, ಹೆಣ್ಣೂ ಹುಟ್ಟುತ್ತದೆ. ಮಾವನಿಗೆ ಕೇಡೆಂಬ ಮಾತು ಹೆಣ್ಣಿಗೆ ಮಾತ್ರ ಏಕೆ?

ಹುಡುಗಿಗೆ 18 ವರ್ಷ ತುಂಬಿದೆಯೇ? ಓದು ಮುಗಿದಿದೆಯೇ? ಅವಳಿಗೆ ಗಂಡು ಒಪ್ಪಿಗೆಯೇ? ಮದುವೆಗೆ ಮೊದಲು ನಾವು ಕೇಳಬೇಕಾದದ್ದು ಇದನ್ನೇ.