ಒಂದೇ ಕೋಶದಿಂದ ಒಬ್ಬ ರೋಗಿಯವರೆಗೆ: ಐದು ಪಾಠಗಳು

ನನ್ನೂರು ಸಿಂಧನೂರು ತಾಲ್ಲೂಕಿನ ಮುಕ್ಕುಂದ. ತುಂಗಭದ್ರೆಯ ದಂಡೆ, ಭತ್ತದ ಸೀಮೆ. ಬೆಂಗಳೂರಿನಲ್ಲಿ ಕ್ಯಾನ್ಸರ್‌ಗೆಂದು ಮಾನೋಕ್ಲೋನಲ್ ಪ್ರತಿಕಾಯ ತಯಾರಿಸುವ ಕೆಲಸದಲ್ಲಿ ಮೊದಲು ಪ್ರಯೋಗಾಲಯದಲ್ಲಿದ್ದೆ, ಆಮೇಲೆ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ. ಕಲಿತದ್ದು ಇಷ್ಟು.

1. ಬೆರಕೆ ಬಿಡಬೇಡಿ. "ಒಂದು ಬೆರಕಿ ತೆನಿ ಉಳಿದ್ರ ಮುಂದಿನ ವರ್ಸ ಹೊಲಾ ಪೂರಾ ಬೆರಕಿ" ಎನ್ನುತ್ತ ಅಪ್ಪ ಬೀಜದ ಭತ್ತದಲ್ಲಿ ಕಂಡ ಬೇರೆ ತಳಿಯನ್ನು ಬುಡಸಮೇತ ಕೀಳುತ್ತಿದ್ದ. ನಮ್ಮ ಕೆಲಸವೂ ಅದೇ: ಪ್ರತಿಕಾಯ ತಯಾರಿಸುವ ಸಾವಿರಾರು ಜೀವಕೋಶಗಳಲ್ಲಿ ಒಂದನ್ನು ಆರಿಸಿ ಅದರ ಸಂತಾನವನ್ನಷ್ಟೇ ಬೆಳೆಸುವುದು. ಮಾನೋಕ್ಲೋನಲ್ ಎಂದರೆ ಇದೇ. ಈ ದಾರಿ ತೆರೆದವರು ಕೋಹ್ಲರ್ ಮತ್ತು ಮಿಲ್‌ಸ್ಟೀನ್, 1975ರಲ್ಲಿ.

2. ಬಿಗಿಯಾಗಿ ಹಿಡಿಯುವುದೇ ಗುಣವಲ್ಲ. ತಲೆ-ಕತ್ತಿನ ಕ್ಯಾನ್ಸರ್‌ಗೆ ಬಯೋಕಾನ್ ಕಂಪನಿ 2006ರಲ್ಲಿ ಕ್ಯೂಬಾದ ವಿಜ್ಞಾನಿಗಳೊಂದಿಗೆ ತಂದ ನಿಮೊಟುಜುಮ್ಯಾಬ್ ಎಂಬ ಪ್ರತಿಕಾಯ ಕೋಶದ ಮೇಲಿನ ಇಜಿಎಫ್‌ಆರ್ ಎಂಬ ಗ್ರಾಹಕವನ್ನು ಹಿಡಿಯುತ್ತದೆ. ಆ ಗ್ರಾಹಕ ಆರೋಗ್ಯವಂತ ಚರ್ಮದಲ್ಲೂ ಇದೆ. ಹಿಡಿತ ಹದವಾಗಿರುವುದರಿಂದಲೇ ಇದರಲ್ಲಿ ಚರ್ಮದ ಗುಳ್ಳೆಗಳು ಕಡಿಮೆ ಎನ್ನುತ್ತಾರೆ.

3. ಕೆಟ್ಟದ್ದನ್ನು ಉಳಿಸಲು ಹೋಗಬೇಡಿ. ಒಂದು ಸೋಮವಾರ ಕೋಶ ಬೆಳೆಸುವ ಫ್ಲಾಸ್ಕಿನ ಗುಲಾಬಿ ದ್ರವ ಹಳದಿಗೆ ತಿರುಗಿ ಮಜ್ಜಿಗೆ ನೀರಿನಂತೆ ಕದಡಿತ್ತು. ಬ್ಯಾಕ್ಟೀರಿಯಾ ಹೊಕ್ಕಿತ್ತು. ಮೂರು ವಾರದ ದುಡಿಮೆ. ಆ್ಯಂಟಿಬಯಾಟಿಕ್ ಹಾಕಿ ನೋಡೋಣ ಎಂದು ಮನಸ್ಸು ಎಳೆಯಿತು. ಹಾಕಲಿಲ್ಲ, ಎಲ್ಲ ಚೆಲ್ಲಿ, ದಾಖಲೆ ಬರೆದು, ದ್ರವ ಸಾರಜನಕದಲ್ಲಿಟ್ಟ ಕೋಶಗಳಿಂದ ಮತ್ತೆ ಶುರುಮಾಡಿದೆ.

4. ಮೊದಲ ಡೋಸ್‌ಗೆ ಅವಸರ ಬೇಡ. 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಪ್ರತಿಕಾಯವನ್ನು ಆರು ಆರೋಗ್ಯವಂತರಿಗೆ ನಿಮಿಷಗಳ ಅಂತರದಲ್ಲಿ ಒಬ್ಬರ ಹಿಂದೊಬ್ಬರಿಗೆ ಕೊಟ್ಟರು. ಪ್ರಾಣಿಗಳಿಗೆ ಅಪಾಯವಿಲ್ಲವೆಂದು ಕಂಡ ಪ್ರಮಾಣದ 500ರಲ್ಲಿ ಒಂದು ಪಾಲಷ್ಟೇ ಅದು. ಆದರೂ ಆರೂ ಜನ ತೀವ್ರ ನಿಗಾ ಘಟಕ ಸೇರಿದರು. ಮೊದಲು ಒಬ್ಬರಿಗೆ ಕೊಟ್ಟು, ಕಾದು ನೋಡಿ.

5. ಒಪ್ಪಿಗೆಯನ್ನು ರೋಗಿಯ ಮಾತಿನಲ್ಲೇ ಕೇಳಿ. ನಮ್ಮ ಸೀಮೆಯ ರೈತರೊಬ್ಬರು, ಬಾಯಿ ಕ್ಯಾನ್ಸರ್, ಔಷಧ ಪ್ರಯೋಗದ ಹದಿನೈದು ಪುಟದ ಒಪ್ಪಿಗೆ ಪತ್ರವನ್ನು ಪಕ್ಕಕ್ಕಿಟ್ಟು ಕೇಳಿದರು: "ಇದರಿಂದ ಗುಣ ಆಗ್ತದೇನವ್ವಾ?"

"ಗೊತ್ತಿಲ್ರೀ ಯಪ್ಪಾ. ಅದನ್ನ ತಿಳ್ಕೊಳ್ಳಾಕ ಈ ಪ್ರಯೋಗ. ನೀವು ಬ್ಯಾಡಂದ್ರೂ ಈಗಿನ ಚಿಕಿತ್ಸೆ ನಿಲ್ಲಂಗಿಲ್ಲ."

ಪತ್ರ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು ಊರಿಗೆ ಹೋದರು, ಮಗಳಿಂದ ಓದಿಸಿ ಕೇಳಿದರು, ಎಂಟು ದಿನಕ್ಕೆ ಬಂದು ಸಹಿ ಹಾಕಿದರು. ಅವತ್ತಿನಿಂದ ಯಾರಿಗೂ ಕೂತಲ್ಲೇ ಸಹಿ ಮಾಡಿ ಎಂದು ನಾನು ಹೇಳಿಲ್ಲ.